ಕನ್ನಡಿ ಇಲ್ಲದ ಕ್ಯಾಮರಾ ನಮಗೆ ಬೇಕೇ?

ಈಗ ನಮ್ಮ ಕುಂದಾಪುರ, ಬೈಂದೂರು, ಬ್ರಹ್ಮಾವರದ ಕಡೆ ಯಾವ ಮದುವೆಗೆ ಹೋದರೂ ಫೋಟೋದವರ ಕೈಯಲ್ಲಿ 'ಮಿರರ್‌ಲೆಸ್' ಕ್ಯಾಮರಾ ಕಾಣುತ್ತದೆ. ಧಾರೆಯ ಹೊತ್ತಿಗೆ ಮೊದಲಿನಂತೆ ಮಂಟಪದ ಸುತ್ತ 'ಕಟಕ್ ಕಟಕ್' ಎನ್ನುವ ಸದ್ದಿಲ್ಲ. ಮಂತ್ರ ಸರಿಯಾಗಿ ಕೇಳಿಸುತ್ತದೆ ಎಂದು ಪುರೋಹಿತರಿಗೂ ಸಮಾಧಾನ! ಆದರೆ ಐದಾರು ವರ್ಷದ ಹಿಂದೆ ಆಸೆಪಟ್ಟು ಡಿಎಸ್‌ಎಲ್‌ಆರ್ ಕೊಂಡು ಮನೆಯಲ್ಲಿ ಇಟ್ಟುಕೊಂಡವರಿಗೆ ಮಾತ್ರ ಒಳಗೊಳಗೇ ಒಂದು ಕೊರೆತ. ನಮ್ಮದು ಹಳತಾಯಿತೇ? ಸಿಕ್ಕಷ್ಟಕ್ಕೆ ಕೊಟ್ಟು ಹೊಸದು ತಕ್ಕೊಳ್ಳುವುದೇ?

ನನ್ನದೂ ಅದೇ ಪಾಡು. ಮನೆಯಲ್ಲಿರುವುದು ನಿಕಾನ್ ಡಿ5600. ಮಗಳ ನೃತ್ಯದ ಫೋಟೋಕ್ಕೆಂದು ತಂದದ್ದು, ಬರಬರುತ್ತಾ ನನ್ನ ಕೈಗೆ ಬಂತು. ಅಕ್ಕಪಕ್ಕದವರ ಸೀಮಂತ, ತೊಟ್ಟಿಲು ಹಾಕುವ ದಿನ, ಮೊಗ್ಗಿನ ಜಡೆ ಹಾಕಿಸಿಕೊಂಡ ಹುಡುಗಿಯರು, ಹೀಗೆ ಕರೆ ಬರುತ್ತದೆ. ಒಳಗಿನ ಕೋಣೆಯಲ್ಲಿ ಹೆಂಗಸೇ ಫೋಟೋ ತೆಗೆದರೆ ಅವರಿಗೂ ಸಂಕೋಚವಿಲ್ಲ, ನನ್ನ ಕೈಖರ್ಚಿಗೂ ನಾಲ್ಕು ಕಾಸು. ಈ ವರ್ಷ ಚೀಟಿ ಎತ್ತಿದ ಎಂಬತ್ತು ಸಾವಿರ ಕೈಗೆ ಬಂದಾಗ ಒಂದು ಕಡೆ ಮಾಡಿನ ಪಕ್ಕಾಸು ಬದಲಾಯಿಸುವ ಕೆಲಸ, ಇನ್ನೊಂದು ಕಡೆ ಹೊಸ ಕ್ಯಾಮರಾ. "ಮೊಬೈಲಿನಲ್ಲೂ ಫೋಟೋ ಬರ್ತದಲ್ಲ" ಎಂದರು ನಮ್ಮನೆಯವರು. ಅವರು ಬೈಕು ಬದಲಾಯಿಸುವಾಗ "ಹಳತೂ ಓಡ್ತದಲ್ಲ" ಎಂದು ನಾನು ಹೇಳಿರಲಿಲ್ಲ. ಇರಲಿ.

ಅತ್ತೆಯ ಪ್ರಶ್ನೆ ಬೇರೆಯೇ: "ಕನ್ನಡಿ ಇಲ್ದಿರೆ ಮುಖ ಕಾಂಬುದ್ ಹ್ಯಾಂಗೆ ಮಾರಾಯ್ತಿ?"

ನಗು ಬಂದರೂ ಪ್ರಶ್ನೆ ಸರಿಯಾದದ್ದೇ. ಡಿಎಸ್‌ಎಲ್‌ಆರ್ ಕ್ಯಾಮರಾದ ಹೊಟ್ಟೆಯೊಳಗೆ ಒಂದು ಸಣ್ಣ ಕನ್ನಡಿ ಓರೆಯಾಗಿ ನಿಂತಿರುತ್ತದೆ. ಲೆನ್ಸಿನಿಂದ ಬಂದ ಬೆಳಕು ಅದಕ್ಕೆ ಬಡಿದು ಮೇಲೆ ಹೋಗಿ, ಅಲ್ಲಿಂದ ತಿರುಗಿ ನಮ್ಮ ಕಣ್ಣಿಗೆ ಬರುತ್ತದೆ. ಗುಂಡಿ ಒತ್ತಿದ ಕೂಡಲೇ ಕನ್ನಡಿ ಮೇಲಕ್ಕೆ ಹಾರಿ, ಬೆಳಕು ಹಿಂದಿನ ಸೆನ್ಸರಿಗೆ ಬಿದ್ದು ಚಿತ್ರವಾಗುತ್ತದೆ. ಆ 'ಕಟಕ್' ಸದ್ದಿನಲ್ಲಿ ಕನ್ನಡಿಯ ಪಾಲೂ ದೊಡ್ಡದು. ಹೊಸ ಕ್ಯಾಮರಾದಲ್ಲಿ ಆ ಕನ್ನಡಿಯನ್ನೇ ತೆಗೆದುಹಾಕಿದ್ದಾರೆ. ಬೆಳಕು ನೇರ ಸೆನ್ಸರಿಗೆ ಬೀಳುತ್ತದೆ, ಸೆನ್ಸರು ಕಂಡದ್ದನ್ನು ಕಣ್ಣು ಇಡುವ ಜಾಗದಲ್ಲಿರುವ ಪುಟ್ಟ ಟಿ.ವಿ.ಯಲ್ಲಿ ತೋರಿಸುತ್ತದೆ. ಅಂದರೆ ಹಳತರಲ್ಲಿ ನಾವು ನೋಡುವುದು ನಿಜವಾದ ಬೆಳಕನ್ನು, ಹೊಸತರಲ್ಲಿ ಬರಲಿರುವ ಚಿತ್ರವನ್ನು. ವ್ಯತ್ಯಾಸದ ಬೇರು ಇಲ್ಲೇ ಇರುವುದು.

ಇದೇನು ನಿನ್ನೆ ಮೊನ್ನೆ ಬಂದದ್ದಲ್ಲ. ಪ್ಯಾನಸೋನಿಕ್‌ನವರು 2008ರಲ್ಲೇ ಇಂಥದನ್ನು ತಂದರು. ಸೋನಿಯ ಎ7 ಬಂದದ್ದು 2013ರಲ್ಲಿ. ನಿಕಾನ್ ಮತ್ತು ಕೆನಾನ್ 2018ರಲ್ಲಿ ತಮ್ಮ ಹೊಸ ಸಾಲನ್ನು ಶುರುಮಾಡಿದವು. 2020ರ ಮೇಲೆ ಇವೆರಡೂ ಕಂಪೆನಿಗಳಿಂದ ಹೊಸ ಡಿಎಸ್‌ಎಲ್‌ಆರ್ ಮಾದರಿ ಬಂದಿಲ್ಲ. ಅಂಗಡಿಯವರು ಹೆದರಿಸುವುದು ಈ ಮಾತು ಹೇಳಿಯೇ. ಆದರೆ ಹೊಸ ಮಾದರಿ ಬರುವುದಿಲ್ಲ ಅಂದ ಮಾತ್ರಕ್ಕೆ ಕಪಾಟಿನಲ್ಲಿರುವುದು ಕೆಟ್ಟುಹೋಗುತ್ತದೆಯೇ? ಕಲ್ಲಿನ ಕಡೆಯುವ ಗುಂಡು ಹೋಗಿ ಗ್ರೈಂಡರ್ ಬಂದ ಮೇಲೂ ಗುಂಡು ಕಡೆಯುತ್ತದೆ.

ನಾನು ಮಾಡಿದ್ದು ಇಷ್ಟು. ಪಕ್ಕದ ಮನೆಯ ಹುಡುಗ ಮದುವೆ ಫೋಟೋ ತೆಗೆಯುವವನು, ಅವನ ಹತ್ತಿರ ನಿಕಾನ್ ಜೆಡ್50 ಇದೆ. ಕೇಳಿದ್ದಕ್ಕೆ "ಅಕ್ಕಾ, ಒಂದ್ ರಾತ್ರಿ ಇಟ್ಕಣಿ, ನೀವೇ ಕಾಣಿ" ಎಂದ. ಮಳೆ ಹಿಡಿಯುವ ಮೊದಲು ಊರಿನಲ್ಲಿ ಒಂದು ಹರಕೆ ಆಟ ಇತ್ತು. ಮಂದಾರ್ತಿ, ಮಾರಣಕಟ್ಟೆ, ಕಮಲಶಿಲೆ ಮೇಳಗಳ ಆಟ ನೋಡಿ ಬೆಳೆದ ನಮಗೆ ಕ್ಯಾಮರಾ ಪರೀಕ್ಷೆಗೆ ಇದಕ್ಕಿಂತ ಒಳ್ಳೆಯ ಜಾಗ ಯಾವುದು? ಕತ್ತಲೆ ರಾತ್ರಿ, ರಂಗಸ್ಥಳದಲ್ಲಿ ಮಾತ್ರ ಬೆಳಕು, ನಿಂತಲ್ಲಿ ನಿಲ್ಲದ ವೇಷ. ಎರಡೂ ಕ್ಯಾಮರಾ ಹಿಡಿದು ಎದುರಿನ ಚಾಪೆಯಲ್ಲೇ ಕುಳಿತೆ.

ಹೊಸತರ ಗುಣ ಮೊದಲ ಗಳಿಗೆಯಲ್ಲೇ ತಿಳಿಯಿತು. ಸ್ತ್ರೀವೇಷ ಎದುರು ಬಂದರೆ ಕ್ಯಾಮರಾ ತಾನಾಗಿಯೇ ಕಣ್ಣನ್ನು ಹುಡುಕಿ ಹಿಡಿಯುತ್ತದೆ. ನನ್ನ ಹಳತರಲ್ಲಿ ಫೋಕಸ್ ಬಿಂದುಗಳು 39, ಎಲ್ಲ ನಡುಮಧ್ಯೆ. ಇದರಲ್ಲಿ 209, ಅಂಚಿನವರೆಗೂ ಹರಡಿವೆ. ಬಣ್ಣದ ವೇಷ ಬಂದಾಗ ಮಾತ್ರ ಅದಕ್ಕೂ ಗಲಿಬಿಲಿ, ಆ ಮುಖವರ್ಣಿಕೆಯಲ್ಲಿ ಕಣ್ಣು ಯಾವುದೆಂದು ಜಪಾನಿನ ಯಂತ್ರಕ್ಕೆ ಹೇಗೆ ಗೊತ್ತಾಗಬೇಕು!

ಸದ್ದಿಲ್ಲದೆ ತೆಗೆಯುವ ಸೌಕರ್ಯ ಅಂದರೆ ಎಲ್ಲರಿಗೂ ಆಸೆ. ಆದರೆ ಅದರಲ್ಲೊಂದು ತೊಡಕಿದೆ. ಆ ರೀತಿಯಲ್ಲಿ ಸೆನ್ಸರು ಚಿತ್ರವನ್ನು ಒಂದೇ ಸಲಕ್ಕೆ ಹಿಡಿಯುವುದಿಲ್ಲ, ಮೇಲಿನಿಂದ ಕೆಳಗೆ ಗೆರೆಗೆರೆಯಾಗಿ ಓದುತ್ತದೆ. ವೇಷ ಧೀಂಗಿಣ ಹಾಕುವಾಗ ಕೈಯ ಕೋಲು ಬಾಗಿದ ಹಾಗೆ ಬಂತು. ಕೆಲವು ಎಲ್‌ಇಡಿ ದೀಪದ ಕೆಳಗೆ ಚಿತ್ರದ ಮೇಲೆ ಅಡ್ಡಅಡ್ಡ ಪಟ್ಟೆ ಬಿತ್ತು. ಸದ್ದಿನ ಮಾಮೂಲಿ ರೀತಿಗೆ ತಿರುಗಿಸಿದ ಮೇಲೆ ಸರಿಹೋಯಿತು. ಮದುವೆ ಹಾಲಿನಲ್ಲಿ ಈಗ ಎಲ್ಲೆಲ್ಲೂ ಎಲ್‌ಇಡಿಯೇ, ಕೊಳ್ಳುವವರು ಇದನ್ನು ನೆನಪಿಡಬೇಕು.

ನನಗೆ ನಿಜವಾಗಿ ಮನಸ್ಸು ಸೋತದ್ದು ಬೇರೆ ಎರಡು ಸಂಗತಿಗೆ. ಒಂದು ಮಲ್ಲಿಗೆ. ಕಪ್ಪು ಕೂದಲಿನ ಮೇಲೆ ಅಟ್ಟೆ ಶಂಕರಪುರ ಮಲ್ಲಿಗೆ ಮುಡಿಸಿದಾಗ ಕ್ಯಾಮರಾ ಕೂದಲಿನ ಲೆಕ್ಕ ಹಿಡಿದು ಬೆಳಕು ಹೆಚ್ಚು ಕೊಡುತ್ತದೆ, ಹೂವು ಸುಣ್ಣ ಬಳಿದಂತೆ ಆಗುತ್ತದೆ. ಹಳತರಲ್ಲಿ ತೆಗೆದ ಮೇಲೆ ಗೊತ್ತಾಗುವುದು, ಹೊಸತರಲ್ಲಿ ತೆಗೆಯುವ ಮೊದಲೇ ಕಣ್ಣೆದುರು ಕಾಣುತ್ತದೆ. ಅಲ್ಲೇ ಬೆಳಕು ಇಳಿಸಿಕೊಳ್ಳಬಹುದು.

ಇನ್ನೊಂದನ್ನು ಯಾವ ಅಂಗಡಿಯವರೂ ಹೇಳುವುದಿಲ್ಲ, ಯಾಕೆಂದರೆ ಅವರೆಲ್ಲ ಇಪ್ಪತ್ತೈದರ ಹುಡುಗರು. ನಲವತ್ತು ದಾಟಿದ ನಮಗೆ ಚಾಳೀಸು ಬಂದಿರುತ್ತದೆ. ದೂರದ ವಧು ಸ್ಪಷ್ಟ, ಕೈಯಲ್ಲಿರುವ ಕ್ಯಾಮರಾದ ಹಿಂದಿನ ಪರದೆ ಮಸುಕು. ಪ್ರತಿ ಸಲ ಚಿತ್ರ ನೋಡಲು ಚಾಳೀಸು ಏರಿಸು, ತೆಗೆಯಲು ಇಳಿಸು. ಮಿರರ್‌ಲೆಸ್‌ನಲ್ಲಿ ಕಣ್ಣಿಡುವ ಕಿಂಡಿಯ ಪಕ್ಕದ ಸಣ್ಣ ತಿರುಪನ್ನು ನಮ್ಮ ಕಣ್ಣಿಗೆ ಸರಿಯಾಗಿ ತಿರುಗಿಸಿಟ್ಟರೆ, ತೆಗೆದ ಚಿತ್ರವನ್ನೂ ಅದೇ ಕಿಂಡಿಯೊಳಗೆ ನೋಡಬಹುದು. ಚಾಳೀಸಿನ ಕೆಲಸವೇ ಇಲ್ಲ. ತಿರುಪು ಹಳೆಯ ಕ್ಯಾಮರಾದಲ್ಲೂ ಇದೆ, ಆದರೆ ಅದರ ಕಿಂಡಿಯಲ್ಲಿ ತೆಗೆದ ಚಿತ್ರ ಕಾಣುವುದಿಲ್ಲ.

ಇಷ್ಟೆಲ್ಲ ಇದ್ದೂ ಮರುದಿನ ಮನೆಗೆ ಬಂದು ಎರಡರ ಚಿತ್ರವನ್ನೂ ಕಂಪ್ಯೂಟರಿನಲ್ಲಿ ಪಕ್ಕಪಕ್ಕ ಇಟ್ಟು ನೋಡಿದರೆ, ಮಗಳಿಗೆ ಯಾವುದು ಯಾವ ಕ್ಯಾಮರಾದ್ದೆಂದು ಗುರುತು ಹಿಡಿಯಲು ಆಗಲಿಲ್ಲ. ಆಗುವುದೂ ಇಲ್ಲ. ಹಳೆಯ ಡಿ5600ರಲ್ಲಿ 24.2 ಮೆಗಾಪಿಕ್ಸೆಲ್, ಹೊಸ ಜೆಡ್50ರಲ್ಲಿ 20.9. ಸೆನ್ಸರಿನ ಅಳತೆ ಎರಡರದೂ ಒಂದೇ ತರಗತಿ. ಹೊಸತು ಹಗುರ ಎನ್ನುತ್ತಾರೆ. ಬ್ಯಾಟರಿ, ಕಾರ್ಡು ಸೇರಿ ಡಿ5600 465 ಗ್ರಾಂ, ಜೆಡ್50 450 ಗ್ರಾಂ. ಹದಿನೈದು ಗ್ರಾಂ ಅಂದರೆ ಮೂರು ಚಮಚ ಸಕ್ಕರೆ! ದೊಡ್ಡ ಡಿಎಸ್‌ಎಲ್‌ಆರ್ ಹೊರುವವರಿಗೆ ವ್ಯತ್ಯಾಸ ತಿಳಿಯಬಹುದು, ನಮ್ಮಂಥ ಸಣ್ಣದಿದ್ದವರಿಗೆ ಇಲ್ಲ. ಬ್ಯಾಟರಿಯ ಲೆಕ್ಕದಲ್ಲಂತೂ ಹಳತೇ ಗಟ್ಟಿಗ. ಕಂಪೆನಿಯವರ ಲೆಕ್ಕದಂತೆ ಡಿ5600ರಲ್ಲಿ ಒಮ್ಮೆ ಚಾರ್ಜು ಮಾಡಿದರೆ 970 ಚಿತ್ರ, ಜೆಡ್50ರಲ್ಲಿ ಮುನ್ನೂರರ ಆಸುಪಾಸು. ಒಳಗಿನ ಟಿ.ವಿ. ಸದಾ ಉರಿಯುತ್ತಿರುತ್ತದಲ್ಲ, ಅದಕ್ಕೆ. ಇಡೀ ರಾತ್ರಿಯ ಆಟಕ್ಕೆ ಎರಡು ಬ್ಯಾಟರಿ ಹೆಚ್ಚಿಗೆ ಬೇಕು, ಅದರ ಹಣವನ್ನೂ ಕೂಡಿಸಿಕೊಳ್ಳಿ.

ಖರ್ಚು ಅಡಗಿರುವುದು ಲೆನ್ಸಿನಲ್ಲಿ. ನಿಕಾನಿನ ಹಳೆಯ ಲೆನ್ಸಿನ ಬಾಯಿ 1959ರಿಂದ ಬಂದ ಅಳತೆಯದು. ಲೆನ್ಸ್ ಕೂರುವ ಜಾಗದಿಂದ ಸೆನ್ಸರಿಗೆ ಅದರಲ್ಲಿ 46.5 ಮಿಲಿಮೀಟರ್ ದೂರ, ಹೊಸತರಲ್ಲಿ ಬರೇ 16. ಆದ್ದರಿಂದ ನಡುವೆ ಒಂದು ಬಳೆಯಂಥ ಅಡಾಪ್ಟರ್ ಹಾಕಿ ಹಳೆಯ ಲೆನ್ಸನ್ನು ಹೊಸ ಕ್ಯಾಮರಾಕ್ಕೆ ಕೂರಿಸಬಹುದು, ಹೊಸ ಲೆನ್ಸನ್ನು ಹಳತಕ್ಕೆ ಆಗುವುದಿಲ್ಲ. ಲೆನ್ಸಿನೊಳಗೇ ಮೋಟಾರು ಇದ್ದರೆ ಮಾತ್ರ ತಾನಾಗಿ ಫೋಕಸ್ ಆಗುತ್ತದೆ, ಇಲ್ಲದಿದ್ದರೆ ಕೈಯಲ್ಲಿ ತಿರುಗಿಸಬೇಕು. ಕೆನಾನಿನವರಿಗೂ ಇಂಥದೇ ಅಡಾಪ್ಟರ್ ಇದೆ. ಈಗ ಲೆನ್ಸ್ ಸಮೇತ ಆರಂಭದ ಮಿರರ್‌ಲೆಸ್‌ಗೆ ಮುಕ್ಕಾಲು ಲಕ್ಷದಿಂದ ಒಂದು ಲಕ್ಷದ ತನಕ ಎಂದಿಟ್ಟುಕೊಳ್ಳಿ. ಜೊತೆಗೆ ಬರುವ 16-50 ಲೆನ್ಸು ಪೂರ್ತಿ ಎಳೆದಾಗ ಅದರ ಕಣ್ಣು ಎಫ್ 6.3, ನನ್ನ ಹಳೆಯ 18-55ರದ್ದು ಎಫ್ 5.6. ಅಂದರೆ ರಾತ್ರಿ ಹೊತ್ತಿನಲ್ಲಿ ಹೊಸ ಲೆನ್ಸಿನೊಳಗೆ ಬರುವ ಬೆಳಕು ಹಳತಕ್ಕಿಂತಲೂ ಕಡಿಮೆ!

ಅದೇ ಹಳೆಯ ಕ್ಯಾಮರಾಕ್ಕೆ 35 ಮಿಲಿಮೀಟರಿನ ಎಫ್ 1.8 ಲೆನ್ಸ್ ಒಂದನ್ನು ಹಾಕಿದರೆ, ಆ 18-55 ಅದೇ ಅಳತೆಯಲ್ಲಿ ಕೊಡುವುದಕ್ಕಿಂತ ಸುಮಾರು ಆರು ಪಟ್ಟು ಬೆಳಕು ಒಳಗೆ ಬರುತ್ತದೆ. ತೂಕ 200 ಗ್ರಾಂ. ಹೆಂಚಿನ ಮನೆಯ ಒಳಕೋಣೆಯಲ್ಲಿ ಫ್ಲಾಷ್ ಇಲ್ಲದೆ ಸೀಮಂತದ ಫೋಟೋ ಬರುತ್ತದೆ. ಇದರಲ್ಲಿ ಎಳೆದು ಹತ್ತಿರ ಮಾಡಲು ಆಗುವುದಿಲ್ಲ, ನಾವೇ ನಾಲ್ಕು ಹೆಜ್ಜೆ ಮುಂದೆ ಹೋಗಬೇಕು. ಹೆಂಗಸರ ನಡುವೆ ನಡೆದಾಡಲು ನಮಗೇನು ಕಷ್ಟ? ಮುಂದೆ ಮಿರರ್‌ಲೆಸ್ ಕೊಂಡರೂ ಅಡಾಪ್ಟರ್ ಹಾಕಿ ಇದನ್ನೇ ಬಳಸಬಹುದು.

ನಮ್ಮ ಕರಾವಳಿಯವರು ಯೋಚಿಸಬೇಕಾದ ಇನ್ನೊಂದು ವಿಷಯ ಗಾಳಿ. ಮರವಂತೆಯಲ್ಲಿ ಒಂದು ಬದಿ ಸಮುದ್ರ, ಇನ್ನೊಂದು ಬದಿ ಸೌಪರ್ಣಿಕಾ ಹೊಳೆ, ನಡುವೆ ಹೆದ್ದಾರಿ. ಅಲ್ಲಿ ನಿಂತು ಲೆನ್ಸ್ ಬದಲಾಯಿಸಿದರೆ ಮರಳು, ಉಪ್ಪು ಎರಡೂ ಒಳಗೆ. ಡಿಎಸ್‌ಎಲ್‌ಆರ್‌ನಲ್ಲಿ ಸೆನ್ಸರಿನ ಮುಂದೆ ಕನ್ನಡಿ, ಪರದೆ ಎರಡೂ ಅಡ್ಡ ಇರುತ್ತವೆ. ಹೆಚ್ಚಿನ ಮಿರರ್‌ಲೆಸ್‌ಗಳಲ್ಲಿ ಲೆನ್ಸ್ ತೆಗೆದರೆ ಸೆನ್ಸರು ಬೆತ್ತಲೆ. ಗಾಳಿಗೆ ಬೆನ್ನು ಹಾಕಿ, ಕ್ಯಾಮರಾದ ಬಾಯಿ ಕೆಳಗೆ ಮಾಡಿ ಬದಲಾಯಿಸಬೇಕು. ಮಳೆಗಾಲದ ಬೂಷ್ಟಿಗಂತೂ ಹೊಸತು ಹಳತೆಂಬ ಭೇದವಿಲ್ಲ. ಚರ್ಮದ ಚೀಲದಲ್ಲಿ ಮುಚ್ಚಿಟ್ಟರೆ ಲೆನ್ಸಿನೊಳಗೆ ಜೇಡನ ಬಲೆಯಂತೆ ಬೂಷ್ಟು ಹಬ್ಬಿ ಗಾಜಿನ ಮೇಲಿನ ಲೇಪ ತಿನ್ನುತ್ತದೆ. ಗಾಳಿಯಾಡದ ಪ್ಲಾಸ್ಟಿಕ್ ಡಬ್ಬದಲ್ಲಿ ಸಿಲಿಕಾ ಜೆಲ್ ಹಾಕಿ ಇಡಿ, ನೀಲಿ ಹರಳು ಗುಲಾಬಿಯಾದಾಗ ಬಿಸಿಮಾಡಿ ಒಣಗಿಸಿಕೊಳ್ಳಿ. ಅಡಿಗೆಯ ಬಾಣಲೆ ಮಾತ್ರ ಬೇಡ, ಅದಕ್ಕೇ ಒಂದು ಹಳೆಯ ಪಾತ್ರೆ ಇರಲಿ. ಡಬ್ಬಕ್ಕೆ ಅಕ್ಕಿ ಹಾಕುವವರಿದ್ದಾರೆ, ಅಕ್ಕಿಯ ಧೂಳು ಇನ್ನೊಂದು ಉಪದ್ರ. ರೇಷ್ಮೆ ಸೀರೆಯ ಕಪಾಟಿನಲ್ಲಿ ನುಸಿಗುಳಿಗೆ, ಕರ್ಪೂರದ ಜೊತೆ ಕ್ಯಾಮರಾ ಇಡಲೇಬಾರದು, ಕಂಪೆನಿಯ ಪುಸ್ತಕದಲ್ಲೇ ಅದನ್ನು ಬರೆದಿದೆ. ಎರಡು ವಾರಕ್ಕೊಮ್ಮೆ ಹೊರಗೆ ತೆಗೆದು ನಾಲ್ಕು ಫೋಟೋ ಹೊಡೆಯಿರಿ.

ಹಾಗಾದರೆ ಮಿರರ್‌ಲೆಸ್ ಬೇಕಾದದ್ದು ಯಾರಿಗೆ? ವಿಡಿಯೋ ಮಾಡುವವರಿಗೆ, ಎರಡು ಮಾತಿಲ್ಲ. ಪರದೆ ನೋಡಿ ವಿಡಿಯೋ ತೆಗೆಯುವಾಗ ಡಿ5600 ಫೋಕಸಿಗಾಗಿ ಹಿಂದೆ ಮುಂದೆ ತಡಕಾಡುತ್ತದೆ, ಹೊಸತು ಒಗ್ಗರಣೆ ಹಾಕುವ ಕೈಯನ್ನೂ ಬಿಡದೆ ಹಿಂಬಾಲಿಸುತ್ತದೆ. ಮದುವೆಯನ್ನೇ ಕಸುಬು ಮಾಡಿಕೊಂಡವರಿಗೆ, ಹಾರುವ ಹಕ್ಕಿಯ ಬೆನ್ನು ಬಿದ್ದವರಿಗೂ ಅದು ಸರಿಯೇ. ಇದೇ ಮೊದಲ ಸಲ ಕ್ಯಾಮರಾ ಕೊಳ್ಳುವ ಹುಡುಗಿಯರು ಹಳೆಯ ಸಾಲಿಗೆ ಹೊಸ ಹಣ ಹಾಕುವುದಕ್ಕಿಂತ ಮಿರರ್‌ಲೆಸ್ಸನ್ನೇ ತೆಗೆದುಕೊಳ್ಳಲಿ.

ನನ್ನ ಲೆಕ್ಕ ಹೀಗೆ. ತಿಂಗಳಿಗೆ ಎರಡು ಮೂರು ಕರೆ ಬಂದರೆ ಹೆಚ್ಚು, ಆಷಾಢದಲ್ಲಿ ಅದೂ ಇಲ್ಲ. ಒಂದಕ್ಕೆ ಖರ್ಚು ಕಳೆದು ಸಾವಿರದೈನೂರು ಉಳಿದರೆ ಎಂಬತ್ತು ಸಾವಿರ ತುಂಬಲು ಐವತ್ನಾಲ್ಕು ಸೀಮಂತ ಆಗಬೇಕು. ಎರಡು ವರ್ಷದ ದುಡಿಮೆ. ನಿನ್ನ ಕ್ಯಾಮರಾ ಯಾವುದು ಎಂದು ಇದುವರೆಗೆ ಒಬ್ಬ ಬಸುರಿಯೂ ಕೇಳಿಲ್ಲ, ಆಲ್ಬಂ ಯಾವಾಗ ಕೊಡ್ತೀರಿ ಎಂದೇ ಕೇಳುವುದು. ಆದ್ದರಿಂದ ಪಕ್ಕಾಸಿನ ಕೆಲಸ ಮೊದಲು. ಅದಕ್ಕಿಂತ ಮೊದಲೇ ಚೀಟಿ ಹಣದಿಂದ 35ರ ಲೆನ್ಸ್ ಒಂದನ್ನು ಸೆಕೆಂಡ್‌ಹ್ಯಾಂಡಿನಲ್ಲಿ ತೆಗೆದುಕೊಂಡೆ, ಅದಕ್ಕೆ ಯಾರ ಅಪ್ಪಣೆಯನ್ನೂ ಕೇಳಲಿಲ್ಲ. ಫೋಟೋದಿಂದ ಬರುವ ಹಣವನ್ನು ಇನ್ನು ಮನೆಸಾಮಾನಿಗೆ ಸೇರಿಸದೆ ಅಂಚೆ ಕಚೇರಿಯ ಆರ್.ಡಿ.ಗೆ ಕಟ್ಟುತ್ತೇನೆ. ಎರಡು ವರ್ಷ ಕಳೆದಾಗ ಚಾಳೀಸಿನ ನಂಬರೂ ಏರಿರುತ್ತದೆ, ಆಗ ಆ ಕಿಂಡಿಯ ಆಸೆಗೆ ಕೊಂಡರೂ ಕೊಂಡೆ.

ಈಗಲೇ ಕೊಳ್ಳುವ ಸೋದರಿಯರಿಗೆ ಒಂದೆರಡು ಮಾತು. ಉಡುಪಿಗೋ ಮಂಗಳೂರಿಗೋ ಹೋಗುವಾಗ ನಿಮ್ಮದೇ ಮೆಮೊರಿ ಕಾರ್ಡು ಒಯ್ಯಿರಿ, ಅಂಗಡಿಯಲ್ಲೇ ನಾಲ್ಕು ಚಿತ್ರ ತೆಗೆದು ಮನೆಯಲ್ಲಿ ದೊಡ್ಡದು ಮಾಡಿ ನೋಡಿ, ಅವತ್ತೇ ಹಣ ಕೊಡಬೇಡಿ. ಹಳತನ್ನು ಕೊಡುವುದಿದ್ದರೆ ಎಕ್ಸ್‌ಚೇಂಜಿನ ಬೆಲೆಯನ್ನೂ, ಹೊರಗೆ ಮಾರಿದರೆ ಸಿಗುವುದನ್ನೂ ಎರಡನ್ನೂ ವಿಚಾರಿಸಿ. ಬಿಲ್ಲಿಲ್ಲದೆ ಅಗ್ಗಕ್ಕೆ ಕೊಡುವ ಹೊರದೇಶದ ಮಾಲಿಗೆ ಇಲ್ಲಿ ವಾರಂಟಿ ಸಿಗುವುದು ಕಷ್ಟ, 18 ಶೇಕಡಾ ಜಿಎಸ್‌ಟಿ ಕಟ್ಟಿಯೇ ಬಿಲ್ಲು ತಕ್ಕೊಳ್ಳಿ. ಬಿಲ್ಲನ್ನು ನಿಮ್ಮ ಹೆಸರಿಗೇ ಬರೆಸಿ. ಕೌಂಟರಿನವರು ಕೇಳದೆಯೇ ಯಜಮಾನರ ಹೆಸರು ಬರೆದುಬಿಡುತ್ತಾರೆ.