ಎಂಟು ದೀಪ ಹೊತ್ತಿದರೆ ಸಾಲದು

ಕಳೆದ ವರ್ಷ ವಿದ್ಯಾರ್ಥಿವೇತನದ ಅರ್ಜಿ ತುಂಬುವ ದಿನಗಳಲ್ಲಿ ನಮ್ಮ ಕಂಪ್ಯೂಟರ್ ಲ್ಯಾಬ್‌ನ ಇಂಟರ್ನೆಟ್ ಕೈಕೊಟ್ಟದ್ದು ಹಲವರಿಗೆ ನೆನಪಿರಬಹುದು. ಪುಟ ತೆರೆಯುತ್ತಿತ್ತು, ಹೆಸರು ವಿಳಾಸ ತುಂಬಲು ಆಗುತ್ತಿತ್ತು. ಆದಾಯ ಪ್ರಮಾಣಪತ್ರ ಅಪ್‌ಲೋಡ್ ಮಾಡಲು ಹೋದರೆ ಮಾತ್ರ ಅರ್ಧಕ್ಕೆ ನಿಂತುಬಿಡುತ್ತಿತ್ತು. ಎಲ್ಲರೂ ವೆಬ್‌ಸೈಟನ್ನು ಬೈದರು. ನಾನೂ ಬೈದೆ. ಆದರೆ ತಪ್ಪು ವೆಬ್‌ಸೈಟಿನದಲ್ಲ, ನನ್ನದು. ಆಫೀಸಿನ ರೌಟರ್‌ನಿಂದ ಲ್ಯಾಬ್‌ನ ಸ್ವಿಚ್‌ವರೆಗೆ ಹೋಗುವ ಕೇಬಲ್ಲನ್ನು ಇಲಿ ಕಡಿದಿತ್ತು. ಸರ್ ರಜೆಯಲ್ಲಿದ್ದರು. ಹೊಸ ಕೇಬಲ್ ಎಳೆದು ಎರಡೂ ತುದಿಗೆ ಕನೆಕ್ಟರ್ ಹಾಕಿದ್ದು ನಾನೇ. ಟೆಸ್ಟರ್‌ಗೆ ಸಿಕ್ಕಿಸಿ ನೋಡಿದಾಗ ಒಂದರಿಂದ ಎಂಟರವರೆಗೆ ದೀಪಗಳೆಲ್ಲ ಸಾಲಾಗಿ ಹೊತ್ತಿದವು. "ಕೇಬಲ್ ಸರಿಯಾಗಿದೆ" ಎಂದು ಎಲ್ಲರ ಮುಂದೆ ಹೇಳಿ ಬೆನ್ನು ತಟ್ಟಿಸಿಕೊಂಡಿದ್ದೆ.

ಎಂಟು ದೀಪ ಹೊತ್ತಿಯೂ ಕೇಬಲ್ ಕೆಟ್ಟಿರುವುದು ಹೇಗೆ? ಇದು ಅರ್ಥವಾಗಬೇಕಾದರೆ ಕೇಬಲ್ಲಿನ ಒಳಗನ್ನು ನೋಡಬೇಕು.

ಲ್ಯಾಬ್‌ನಲ್ಲಿ ಕಾಣುವ ಬೂದು ಅಥವಾ ನೀಲಿ ಬಣ್ಣದ ಕೇಬಲ್ಲಿಗೆ ಯುಟಿಪಿ ಎನ್ನುತ್ತಾರೆ. ಹೊರಗಿನ ಸಿಪ್ಪೆ ಸುಲಿದರೆ ಎಂಟು ತಂತಿಗಳು, ಎರಡೆರಡಾಗಿ ಹಗ್ಗದಂತೆ ಹೊಸೆದ ನಾಲ್ಕು ಜೋಡಿಗಳು: ಕಿತ್ತಳೆ, ಹಸಿರು, ನೀಲಿ, ಕಂದು. ಪ್ರತಿ ಜೋಡಿಯಲ್ಲಿ ಒಂದು ಪೂರ್ತಿ ಬಣ್ಣದ್ದು, ಇನ್ನೊಂದು ಅದೇ ಬಣ್ಣದ ಗೆರೆಯಿರುವ ಬಿಳಿಯದು. ಈ ಹೊಸೆತ ಅಂದಕ್ಕಾಗಿ ಅಲ್ಲ, ತಂತಿ ಚದುರದಿರಲಿ ಎಂದೂ ಅಲ್ಲ. ಒಂದು ಜೋಡಿಯ ಎರಡು ತಂತಿಗಳಲ್ಲಿ ಒಂದೇ ಸಂಕೇತ ಪರಸ್ಪರ ವಿರುದ್ಧವಾಗಿ ಹರಿಯುತ್ತದೆ. ಒಂದರಲ್ಲಿ ಏರಿದಾಗ ಇನ್ನೊಂದರಲ್ಲಿ ಇಳಿಯುತ್ತದೆ. ಆಚೆ ತುದಿಯ ಯಂತ್ರ ಇವೆರಡರ ವ್ಯತ್ಯಾಸವನ್ನಷ್ಟೇ ಓದುತ್ತದೆ. ಪಕ್ಕದಲ್ಲಿ ಟ್ಯೂಬ್‌ಲೈಟಿನ ವೈರ್ ಇದ್ದರೆ ಅದರ ಗದ್ದಲ ಎರಡೂ ತಂತಿಗಳ ಮೇಲೆ ಬೀಳುತ್ತದೆ. ತಂತಿಗಳು ಹೊಸೆದುಕೊಂಡಿದ್ದರೆ ಒಮ್ಮೆ ಇದು ಗದ್ದಲಕ್ಕೆ ಹತ್ತಿರ, ಮರುಗಳಿಗೆ ಅದು ಹತ್ತಿರ. ಒಟ್ಟಿನಲ್ಲಿ ಇಬ್ಬರಿಗೂ ಸಮಪಾಲು. ವ್ಯತ್ಯಾಸ ತೆಗೆದಾಗ ಗದ್ದಲ ಕಳೆದುಹೋಗಿ ಸಂಕೇತ ಉಳಿಯುತ್ತದೆ. ಅಲೆಕ್ಸಾಂಡರ್ ಗ್ರಹಾಂ ಬೆಲ್ 1881ರಲ್ಲಿ ಟೆಲಿಫೋನ್ ತಂತಿಗಳಿಗಾಗಿ ಪೇಟೆಂಟ್ ಪಡೆದ ಉಪಾಯವಿದು. ನಾವಿಂದು ಬಳಸುವುದೂ ಇದನ್ನೇ. ನಾಲ್ಕು ಜೋಡಿಗಳನ್ನು ಸ್ವಲ್ಪ ಬಿಡಿಸಿ ಪಕ್ಕಪಕ್ಕ ಇಟ್ಟು ನೋಡಿ. ಒಂದೊಂದರ ಹೊಸೆತ ಒಂದೊಂದು ಬಿಗಿಯಲ್ಲಿರುತ್ತದೆ. ಒಂದು ಜೋಡಿಯ ಮಾತು ಪಕ್ಕದ ಜೋಡಿಗೆ ಕೇಳಿಸದಿರಲಿ ಎಂದೇ ಹೀಗೆ ಮಾಡಿರುತ್ತಾರೆ.

ಈಗ ತುದಿಗೆ ಬರೋಣ. ನಾವು ಆರ್‌ಜೆ45 ಎಂದು ಕರೆಯುವ ಪಾರದರ್ಶಕ ಪ್ಲಾಸ್ಟಿಕ್ ಕನೆಕ್ಟರ್‌ನಲ್ಲಿ ಎಂಟು ಹಳ್ಳಗಳಿವೆ. ಅದರ ಕೊಕ್ಕೆಯನ್ನು ಕೆಳಗೆ ಮಾಡಿ ಹಿತ್ತಾಳೆ ಬಣ್ಣದ ತುದಿಯನ್ನು ಮುಂದಕ್ಕೆ ಹಿಡಿದರೆ ಎಡಗಡೆಯದು ಒಂದನೇ ಪಿನ್. ಸಾಮಾನ್ಯವಾಗಿ ಬಳಸುವ ಕ್ರಮದ ಹೆಸರು ಟಿ568ಬಿ. ಅದು ಹೀಗಿದೆ: ಬಿಳಿ-ಕಿತ್ತಳೆ, ಕಿತ್ತಳೆ, ಬಿಳಿ-ಹಸಿರು, ನೀಲಿ, ಬಿಳಿ-ನೀಲಿ, ಹಸಿರು, ಬಿಳಿ-ಕಂದು, ಕಂದು. ಹಸಿರು ಜೋಡಿ ನೀಲಿ ಜೋಡಿಯನ್ನು ನಡುವೆ ಬಿಟ್ಟು ಮೂರು ಮತ್ತು ಆರನೇ ಪಿನ್‌ಗೆ ಹೋಗುವುದನ್ನು ಗಮನಿಸಿ. ಇದಕ್ಕೂ ಟೆಲಿಫೋನೇ ಕಾರಣ. ಹಳೆಯ ಫೋನ್ ಜಾಕ್‌ನಲ್ಲಿ ಮೊದಲ ಲೈನು ನಟ್ಟನಡುವಿನ ಎರಡು ಪಿನ್‌ಗಳಲ್ಲಿ, ಎರಡನೇ ಲೈನು ಅದರ ಆಚೀಚೆ ಇರುತ್ತಿತ್ತು. ಆ ಅಭ್ಯಾಸ ಇಲ್ಲಿಗೂ ಬಂತು.

ನನಗೆ ಅಂದು ಇದು ಗೊತ್ತಿರಲಿಲ್ಲ. ಎರಡೂ ತುದಿಯಲ್ಲಿ ಒಂದೇ ಕ್ರಮ ಇದ್ದರಾಯಿತು ಎಂದುಕೊಂಡು ಕಿತ್ತಳೆ ಜೋಡಿ, ಹಸಿರು ಜೋಡಿ, ನೀಲಿ ಜೋಡಿ, ಕಂದು ಜೋಡಿ ಎಂದು ನೀಟಾಗಿ ಸಾಲಿಗೆ ಹಾಕಿದ್ದೆ. ಆಗ ಮೂರನೇ ಪಿನ್‌ನಲ್ಲಿ ಬಿಳಿ-ಹಸಿರು, ಆರನೇ ಪಿನ್‌ನಲ್ಲಿ ನೀಲಿ. ಯಂತ್ರದ ಲೆಕ್ಕದಲ್ಲಿ ಇವೆರಡು ಜೋಡಿ. ಆದರೆ ಕೇಬಲ್ಲಿನ ಒಳಗೆ ಬಿಳಿ-ಹಸಿರು ಹೊಸೆದುಕೊಂಡಿರುವುದು ಹಸಿರಿನ ಜೊತೆ, ನೀಲಿ ಹೊಸೆದುಕೊಂಡಿರುವುದು ಬಿಳಿ-ನೀಲಿಯ ಜೊತೆ. ಹೊಸೆತದ ಲಾಭವೆಲ್ಲ ಹೋಯಿತು. ಇದನ್ನು ಸ್ಪ್ಲಿಟ್ ಪೇರ್ ಎನ್ನುತ್ತಾರೆ. ನಮ್ಮ ಅಗ್ಗದ ಟೆಸ್ಟರ್ ಇದನ್ನು ಹಿಡಿಯಲಾರದು. ಅದು ಹಾಜರಿ ಕರೆದ ಹಾಗೆ: ಈ ತುದಿಯ ಒಂದು ಆ ತುದಿಯ ಒಂದಕ್ಕೆ ಮುಟ್ಟಿದೆಯೇ, ಎರಡು ಎರಡಕ್ಕೆ ಮುಟ್ಟಿದೆಯೇ ಎಂದಷ್ಟೇ ಕೇಳುತ್ತದೆ. ಎಂಟು ಮಂದಿಯೂ "ಪ್ರೆಸೆಂಟ್ ಸರ್" ಅಂದರು. ಯಾರು ಯಾರ ಲ್ಯಾಬ್ ಜೊತೆಗಾರ ಎಂಬುದು ಹಾಜರಿ ಪುಸ್ತಕಕ್ಕೆ ಗೊತ್ತಿರುವುದಿಲ್ಲ.

ನಮ್ಮ ಸ್ವಿಚ್ 100 ಎಂಬಿಪಿಎಸ್‌ನದು. ಅದು ಎರಡೇ ಜೋಡಿ ಬಳಸುತ್ತದೆ: 1-2ರಲ್ಲಿ ಒಂದು ದಿಕ್ಕು, 3-6ರಲ್ಲಿ ಇನ್ನೊಂದು ದಿಕ್ಕು. ಲ್ಯಾಬ್‌ನಿಂದ ಹೊರಗೆ ಹೋಗುವ ದಾರಿ ಈ ಒಡೆದ ಜೋಡಿಯ ಮೇಲೆಯೇ ಬಿದ್ದಿತ್ತು. ಪುಟ ತೆರೆಯಲು ಹೋಗುವ ಚಿಕ್ಕ ಚಿಕ್ಕ ಕೋರಿಕೆಗಳು ಹೇಗೋ ದಾಟುತ್ತಿದ್ದವು. ಪ್ರಮಾಣಪತ್ರದಂಥ ದೊಡ್ಡ ಕಡತ ಸಾಗುವಾಗ ಅದರ ತುಂಡುಗಳು ದಾರಿಯಲ್ಲಿ ಕೆಡುತ್ತಿದ್ದವು. ಸರ್ ಬಂದವರೇ ಮಾಡಿದ ಮೊದಲ ಕೆಲಸ ರೌಟರ್‌ಗೆ ಪಿಂಗ್ ಕಳಿಸಿದ್ದು. ಎಲ್ಲಕ್ಕೂ ಉತ್ತರ ಬಂತು. ಆಮೇಲೆ ಪಿಂಗ್‌ನ ಗಾತ್ರವನ್ನು 1400 ಬೈಟ್‌ಗೆ ಏರಿಸಿದರು. ಹತ್ತರಲ್ಲಿ ಮೂರು ನಾಲ್ಕು ಉತ್ತರಗಳು ಬರಲೇ ಇಲ್ಲ. ಸರ್ ಬಗ್ಗಿ ಕನೆಕ್ಟರನ್ನು ಬೆಳಕಿಗೆ ಹಿಡಿದು ನೋಡಿ, "ಇದು ಯಾರ ಕೈಚಳಕ?" ಎಂದರು. ಎರಡೂ ತುದಿ ಕತ್ತರಿಸಿ ಹೊಸದು ಹಾಕಲು ಹತ್ತು ನಿಮಿಷವೂ ಹಿಡಿಯಲಿಲ್ಲ. ಲುಹರ್ ನಮಾಝ್‌ಗೆ ಬಿಡುವಷ್ಟರಲ್ಲಿ ಅಪ್‌ಲೋಡ್ ಸಲೀಸಾಗಿ ಆಗುತ್ತಿತ್ತು.

ಆ ಎರಡು ದಿನಗಳಲ್ಲಿ ಪ್ರಥಮ ಪಿಯುಸಿಯ ಒಬ್ಬಳು ಲ್ಯಾಬ್‌ನಲ್ಲಿ ನಾಲ್ಕು ಸಲ ಪ್ರಯತ್ನಿಸಿ ಸೋತು, ಕ್ಲಾಸು ತಪ್ಪಿಸಿಕೊಂಡು ಬಸ್ಸಿನಲ್ಲಿ ಪೇಟೆಯ ಸೈಬರ್ ಸೆಂಟರಿಗೆ ಹೋಗಿ ದುಡ್ಡು ಕೊಟ್ಟು ಅರ್ಜಿ ಹಾಕಿದಳು. ಕೊನೆಯ ದಿನಾಂಕಕ್ಕೆ ಒಂದೇ ದಿನ ಬಾಕಿಯಿತ್ತು. ಕಾರಣ ನಾನೆಂದು ಅವಳಿಗೆ ಹೇಳುವ ಧೈರ್ಯ ನನಗೆ ಬಂದಿರಲಿಲ್ಲ. ಇದನ್ನು ಓದುತ್ತಿದ್ದರೆ ಮಾಫ್ ಮಾಡು, ತಂಗಿ.

ಕ್ರಮ ಸರಿಯಿದ್ದರೂ ಇನ್ನೊಂದು ಎಚ್ಚರಿಕೆ ಬೇಕು. ತುದಿಯಲ್ಲಿ ಹೊಸೆತವನ್ನು ಅರ್ಧ ಇಂಚಿಗಿಂತ ಹೆಚ್ಚು ಬಿಚ್ಚಬಾರದು, ಹೊರಗಿನ ಸಿಪ್ಪೆ ಕನೆಕ್ಟರ್‌ನ ಒಳಗೆ ಹೋಗಿ ಕೂರಬೇಕು. ನಮ್ಮಂಥವರು ಕೆಲಸ ಸುಲಭವಾಗಲೆಂದು ಎರಡು ಇಂಚು ಬಿಚ್ಚಿ, ತಂತಿಗಳನ್ನು ಹೊರಗೆ ನೇತಾಡಲು ಬಿಡುತ್ತೇವೆ.

ಅಂಗಡಿಯಲ್ಲಿ ಕ್ಯಾಟ್ 5ಇ, ಕ್ಯಾಟ್ 6 ಎಂದು ಕೇಳುತ್ತಾರೆ. ಸಾಮಾನ್ಯ ಲ್ಯಾಬ್‌ಗೆ, ಮನೆಗೆ ಕ್ಯಾಟ್ 5ಇ ಸಾಕು. 100 ಮೀಟರ್‌ವರೆಗೆ ಅದು ಒಂದು ಗಿಗಾಬಿಟ್ ವೇಗ ಕೊಡುತ್ತದೆ. ಗಿಗಾಬಿಟ್‌ಗೆ ನಾಲ್ಕೂ ಜೋಡಿ ಬೇಕೆನ್ನುವುದು ನೆನಪಿರಲಿ. ಕ್ಯಾಟ್ 6ರಲ್ಲಿ ಹತ್ತು ಗಿಗಾಬಿಟ್ ಸಾಧ್ಯ, ಆದರೆ ಸುಮಾರು 55 ಮೀಟರ್ ಒಳಗೆ. ಪೂರ್ತಿ 100 ಮೀಟರ್‌ಗೆ ಬೇಕಾದರೆ ಕ್ಯಾಟ್ 6ಎ. ನನ್ನ ಅಭಿಪ್ರಾಯದಲ್ಲಿ ಈ ಸಂಖ್ಯೆಗಿಂತ ಮುಖ್ಯವಾದದ್ದು ತಂತಿಯ ಲೋಹ. ಅಗ್ಗದ ಪೆಟ್ಟಿಗೆಗಳಲ್ಲಿ ಬರುವುದು ತಾಮ್ರದ ತೆಳು ಲೇಪವಿರುವ ಅಲ್ಯೂಮಿನಿಯಂ. ಬ್ಲೇಡಿನಿಂದ ಕೆರೆದು ನೋಡಿ, ಒಳಗೆ ಬೆಳ್ಳಿಯಂತೆ ಬಿಳಿಯಾಗಿ ಕಂಡರೆ ಅದು ತಾಮ್ರವಲ್ಲ. ಅಲ್ಯೂಮಿನಿಯಂನ ರೋಧ ತಾಮ್ರದ ಸುಮಾರು ಒಂದೂವರೆ ಪಟ್ಟಿಗೂ ಹೆಚ್ಚು. ಎರಡು ಮೂರು ಸಲ ಬಗ್ಗಿಸಿದರೆ ಮುರಿಯುತ್ತದೆ. ಗೇಟಿನ ಸಿಸಿಟಿವಿ ಕ್ಯಾಮೆರಾದಂಥ ಉಪಕರಣಗಳಿಗೆ ಇದೇ ಕೇಬಲ್ಲಿನಲ್ಲಿ ವಿದ್ಯುತ್ತನ್ನೂ ಕಳಿಸುವುದುಂಟು. ಅದಕ್ಕೆ ಪಿಒಇ ಎನ್ನುತ್ತಾರೆ, 2003ರ ಮಾನದಂಡದಂತೆ ಒಂದು ಪೋರ್ಟ್‌ಗೆ 15.4 ವ್ಯಾಟ್. ಅಂಥ ಕಡೆ ಅಲ್ಯೂಮಿನಿಯಂ ತಂತಿ ಬಿಸಿಯಾಗುತ್ತದೆ, ಹಾಕಲೇಬೇಡಿ.

ಒಂದು ತುದಿಗೆ ಟಿ568ಎ, ಇನ್ನೊಂದಕ್ಕೆ ಟಿ568ಬಿ ಹಾಕಿದರೆ ಕ್ರಾಸ್‌ಓವರ್ ಕೇಬಲ್ ಆಗುತ್ತದೆ. ಎರಡು ಕಂಪ್ಯೂಟರ್‌ಗಳನ್ನು ನೇರವಾಗಿ ಜೋಡಿಸಲು ಹಿಂದೆ ಬೇಕಿತ್ತು. ಈಗಿನ ಪೋರ್ಟ್‌ಗಳು ತಾವೇ ಅದಲುಬದಲು ಮಾಡಿಕೊಳ್ಳುವುದರಿಂದ ಇದು ಬಹುಮಟ್ಟಿಗೆ ಪರೀಕ್ಷೆಯ ಪ್ರಶ್ನೆಯಾಗಿ ಉಳಿದಿದೆ. ಟೆಲಿಫೋನಿನ ಪುಟ್ಟ ಆರ್‌ಜೆ11 ಪ್ಲಗ್ಗನ್ನು ನೆಟ್‌ವರ್ಕ್ ಪೋರ್ಟ್‌ಗೆ ತುರುಕಬೇಡಿ, ಅಂಚಿನ ಪಿನ್‌ಗಳು ಬಗ್ಗುತ್ತವೆ.

ಪಠ್ಯಪುಸ್ತಕದಲ್ಲಿ ಬರುವ ಕೋಆಕ್ಸಿಯಲ್ ಕೇಬಲ್ಲನ್ನು ಕೇಬಲ್ ಟಿವಿಯ ಕಪ್ಪು ವೈರ್‌ನಲ್ಲಿ ಎಲ್ಲರೂ ನೋಡಿದ್ದೀರಿ: ನಡುವೆ ಒಂದು ತಂತಿ, ಸುತ್ತ ನಿರೋಧಕ, ಅದರ ಮೇಲೆ ಲೋಹದ ಜಾಲರಿ. ಹಿಂದೆ ಕಂಪ್ಯೂಟರ್ ನೆಟ್‌ವರ್ಕ್‌ಗೂ ಇದರ ತೆಳು ಬಗೆಯೊಂದಿತ್ತು, ಒಂದು ಎಳೆಗೆ ಮಿತಿ 185 ಮೀಟರ್. ಬಿಎನ್‌ಸಿ ಕನೆಕ್ಟರ್, ಪ್ರತಿ ಕಂಪ್ಯೂಟರ್‌ಗೆ ಒಂದು ಟಿ ಆಕಾರದ ಜೋಡಣೆ, ಎರಡು ಕೊನೆಗಳಲ್ಲಿ 50 ಓಮ್‌ನ ಟರ್ಮಿನೇಟರ್. ಎಲ್ಲೋ ಒಂದು ಕಡೆ ಬಿಚ್ಚಿದರೆ ಇಡೀ ಲ್ಯಾಬ್ ಸ್ತಬ್ಧ. ಹಳೆಯ ಸಿಸಿಟಿವಿ ಡಿವಿಆರ್‌ಗಳ ಹಿಂದೆ ತಿರುಗಿಸಿ ಲಾಕ್ ಮಾಡುವ ಬಿಎನ್‌ಸಿಯನ್ನು ಈಗಲೂ ನೋಡಬಹುದು.

ಇನ್ನು ಫೈಬರ್. ಇಲ್ಲಿ ವಿದ್ಯುತ್ ಇಲ್ಲ, ಬೆಳಕು ಹರಿಯುತ್ತದೆ. ಫಿಸಿಕ್ಸ್‌ನಲ್ಲಿ ಓದುವ ಪೂರ್ಣ ಆಂತರಿಕ ಪ್ರತಿಫಲನವೇ ಇದರ ಆಧಾರ. ಪಾಠದಲ್ಲಿ ಸ್ನೆಲ್‌ನ ಹೆಸರಿನಲ್ಲಿ ಬರುವ ವಕ್ರೀಭವನದ ನಿಯಮಕ್ಕೆ ಸಮಾನವಾದ ಜ್ಯಾಮಿತೀಯ ನಿಯಮವನ್ನು ಬಗ್ದಾದಿನ ಇಬ್ನ್ ಸಹ್ಲ್ ಸುಮಾರು 984ರಲ್ಲಿ, ಮಸೂರಗಳ ಕುರಿತ ಬರಹದಲ್ಲಿ ಬಳಸಿದ್ದರು. ಗಾಜು ಶುದ್ಧವಾಗಿದ್ದರೆ ಬೆಳಕನ್ನು ಬಹುದೂರ ಒಯ್ಯಬಹುದು ಎಂದು ಚಾರ್ಲ್ಸ್ ಕಾವ್ 1966ರಲ್ಲಿ ತೋರಿಸಿಕೊಟ್ಟರು, 2009ರಲ್ಲಿ ನೊಬೆಲ್ ಪಡೆದರು. ದೂರದ ಊರುಗಳಿಗೆ ಹೋಗುವ ಸಿಂಗಲ್ ಮೋಡ್ ಫೈಬರ್‌ನಲ್ಲಿ ಬೆಳಕು ಹರಿಯುವ ತಿರುಳಿನ ದಪ್ಪ ಸುಮಾರು 9 ಮೈಕ್ರೋಮೀಟರ್, ಅಂದರೆ ಮಿಲಿಮೀಟರಿನ ನೂರನೇ ಒಂದು ಭಾಗಕ್ಕಿಂತ ಕಡಿಮೆ. ಒಂದೇ ಕಟ್ಟಡದೊಳಗೆ ಬಳಸುವ ಮಲ್ಟಿಮೋಡ್‌ನಲ್ಲಿ 50 ಅಥವಾ 62.5. ಇಷ್ಟು ಸಣ್ಣ ಬಾಯಿಗೆ ಬಾಯಿ ಕೂಡಿಸಬೇಕಾದ್ದರಿಂದ ಇಲ್ಲೂ ತುದಿಯದ್ದೇ ತಕರಾರು. ಬೆರಳಿನ ಎಣ್ಣೆ, ಒಂದು ಕಣ ಧೂಳು ಸಾಕು ಬೆಳಕನ್ನು ತಡೆಯಲು. ಮನೆಯ ಫೈಬರ್ ಪೆಟ್ಟಿಗೆಗೆ ಬರುವ ಚೌಕಾಕಾರದ ಕನೆಕ್ಟರ್ ಎಸ್‌ಸಿ, ಸ್ವಿಚ್‌ಗಳಲ್ಲಿ ಕಾಣುವ ಅದರ ಅರ್ಧ ಗಾತ್ರದ್ದು ಎಲ್‌ಸಿ. ಹಸಿರು ಬಣ್ಣದ್ದರ ತುದಿಯನ್ನು 8 ಡಿಗ್ರಿ ಓರೆಯಾಗಿ ಉಜ್ಜಿರುತ್ತಾರೆ, ನೀಲಿಯದ್ದು ನೇರ. ಹಸಿರನ್ನು ನೀಲಿಗೆ ಸಿಕ್ಕಿಸಿದರೆ ಕೂರುತ್ತದೆ, ಆದರೆ ನಡುವೆ ಸಂದು ಉಳಿದು ಬೆಳಕು ಸೋರುತ್ತದೆ. ಬಿಚ್ಚಿದ ಫೈಬರ್ ತುದಿಯೊಳಗೆ ಕಣ್ಣಿಟ್ಟು ನೋಡಬೇಡಿ. ಆ ಬೆಳಕು ಕಣ್ಣಿಗೆ ಕಾಣದ್ದು, ಆದರೆ ಕಣ್ಣನ್ನು ಸುಡಬಲ್ಲದು.

ನಮ್ಮಲ್ಲಿ ಎಷ್ಟೋ ಮಂದಿಯ ಅಬ್ಬ, ಅಣ್ಣಂದಿರು ಗಲ್ಫ್‌ನಲ್ಲಿದ್ದಾರೆ. ರಾತ್ರಿ ಬರುವ ಅವರ ವೀಡಿಯೋ ಕಾಲ್ ಸ್ಯಾಟಲೈಟ್‌ನಿಂದ ಇಳಿದು ಬರುತ್ತದೆ ಎಂದು ನಾನು ಬಹುಕಾಲ ನಂಬಿದ್ದೆ. ಅದು ಬರುವುದು ಸಮುದ್ರದ ತಳದಲ್ಲಿ ಮಲಗಿರುವ ಇಂಥ ಫೈಬರ್‌ನಲ್ಲೇ. 2008ರ ಜನವರಿ ಕೊನೆಯಲ್ಲಿ ಈಜಿಪ್ಟಿನ ಅಲೆಕ್ಸಾಂಡ್ರಿಯಾ ಬಳಿ ಕೇಬಲ್‌ಗಳು ತುಂಡಾದಾಗ ಗಲ್ಫ್ ಮತ್ತು ಭಾರತ ಎರಡರಲ್ಲೂ ಇಂಟರ್ನೆಟ್ ಕುಂಟಿತ್ತು.

ಲ್ಯಾಬ್ ಬೀರುವಿನ ಕೆಳಗಿನ ಖಾನೆಯಲ್ಲಿ ಕ್ರಿಂಪಿಂಗ್ ಟೂಲ್, ಟೆಸ್ಟರ್, ಒಂದು ಡಬ್ಬಿ ಕನೆಕ್ಟರ್ ಇವೆ. ಟಿ568ಬಿ ಬಣ್ಣಗಳ ಚಿತ್ರವನ್ನು ಬಾಗಿಲಿನ ಒಳಮೈಗೆ ಅಂಟಿಸಿದ್ದೇನೆ. ಸರ್ ಅಥವಾ ಮೇಡಂ ಅವರನ್ನು ಕೇಳಿ ತೆಗೆದುಕೊಳ್ಳಿ, ಒಂದು ಅಡಿ ತುಂಡಿನ ಮೇಲೆ ಕೈ ಪಳಗಿಸಿಕೊಳ್ಳಿ. ಒತ್ತುವ ಮೊದಲು ಬಣ್ಣಗಳನ್ನು ಪ್ಲಾಸ್ಟಿಕ್ಕಿನ ಮೂಲಕ ಇನ್ನೊಮ್ಮೆ ಓದಿ. ಒಮ್ಮೆ ಒತ್ತಿದ ಕನೆಕ್ಟರ್ ಮತ್ತೆ ಬಿಚ್ಚುವುದಿಲ್ಲ, ಕತ್ತರಿಸಿ ಹೊಸದನ್ನೇ ಹಾಕಬೇಕು.