ಹರಿಗೋಲಿನಿಂದ ಹಲಗೆಗೆ

ಉತ್ತರದಲ್ಲಿ ಕೃಷ್ಣೆಯೂ ದಕ್ಷಿಣದಲ್ಲಿ ತುಂಗಭದ್ರೆಯೂ ಎಲ್ಲೆಗಳಾಗಿ ಹರಿಯುವುದರಿಂದ ಪ್ರಾಚೀನರು ಎಡೆದೊರೆನಾಡೆಂದು ಕರೆದ ರಾಯಚೂರು ಸೀಮೆಯಲ್ಲಿ, ದೇವದುರ್ಗಕ್ಕೆ ಒಂದು ನದಿಯೂ ಮಾನ್ವಿಗೆ ಇನ್ನೊಂದು ನದಿಯೂ ನೆರೆಯಾಗಿದ್ದರೂ, ಜಲಕ್ರೀಡೆಯೆಂಬುದು ದೂರದೇಶದ ಧನಿಕರ ವಿನೋದವೆಂಬ ಭಾವನೆ ಬೇರೂರಿದೆ. ನೀರಿನ ವಿದ್ಯೆಗೆ ಮೊದಲು ಬೇಕಾದುದು ಹಣವಲ್ಲ, ನೀರಿನ ಪರಿಚಯ. ಆ ಪರಿಚಯವನ್ನು ಮಾಡಿಸಬಲ್ಲ ಅಲ್ಪಬೆಲೆಯ ನೌಕೆ ನಮ್ಮಲ್ಲಿಯೇ ಇದೆ.

ಇಂದು ತರುಣರನ್ನು ಆಕರ್ಷಿಸುತ್ತಿರುವ ವೇಕ್‌ಬೋರ್ಡಿಂಗ್ ಎಂಬ ಆಟವನ್ನೇ ನೋಡೋಣ. ಎರಡು ಪಾದಗಳನ್ನೂ ಒಂದೇ ಹಲಗೆಗೆ ಬಿಗಿದುಕೊಂಡು, ಓಡುವ ಮೋಟಾರು ದೋಣಿಗೆ ಕಟ್ಟಿದ ಹಗ್ಗದ ಹಿಡಿಯನ್ನು ಹಿಡಿದು, ದೋಣಿಯ ಹಿಂದೆ ಏಳುವ ಅಲೆಯ ಮೇಲೆ ಅಡ್ಡನಿಂತು ಜಾರುವ ಈ ಕ್ರೀಡೆ 1980ರ ದಶಕದಲ್ಲಿ ರೂಪುಗೊಂಡಿತು. ಇದಕ್ಕೆ ಪೂರ್ವಜವಾದ ವಾಟರ್ ಸ್ಕೀಯಿಂಗನ್ನು 1922ರಲ್ಲಿ ಅಮೆರಿಕದ ಪೆಪಿನ್ ಸರೋವರದಲ್ಲಿ ರಾಲ್ಫ್ ಸ್ಯಾಮ್ಯುಯೆಲ್ಸನ್ ಎಂಬ ತರುಣನು ಸಾಧಿಸಿ ತೋರಿಸಿದನು. ಭಾರವಾದ ದೋಣಿ ಹೆಚ್ಚು ನೀರನ್ನು ಪಕ್ಕಕ್ಕೆ ತಳ್ಳುವುದರಿಂದ ದೊಡ್ಡ ಅಲೆಯನ್ನೆಬ್ಬಿಸುತ್ತದೆ. ಆದರೆ ಹಾರಲು ಹೊರಟ ನಿಪುಣನಿಗೆ ಬೇಕಾದ ಆ ಅಲೆ ನಿಲ್ಲಲು ಕಲಿಯುವವನಿಗೆ ವಿಘ್ನವೇ ಆದುದರಿಂದ, ಅವನಿಗೆ ಗಂಟೆಗೆ 25ರಿಂದ 30 ಕಿಲೋಮೀಟರು ವೇಗದಲ್ಲಿ ಎಳೆಯಬಲ್ಲ ಸಣ್ಣ ದೋಣಿಯೇ ಸಾಕು. ಮೊಣಕಾಲುಗಳನ್ನು ಎದೆಗೆ ಮಡಚಿ, ತೋಳುಗಳನ್ನು ನೀಳವಾಗಿ ಚಾಚಿ, ತಾನಾಗಿ ಏಳಲು ಹೆಣಗದೆ, ಹಗ್ಗವೇ ತನ್ನನ್ನು ಮೇಲಕ್ಕೆತ್ತುವವರೆಗೆ ತಾಳುವುದು ಇಲ್ಲಿನ ಪ್ರಥಮ ಪಾಠ.

ಈ ತಾಳ್ಮೆಯನ್ನೂ ಸಮತೋಲವನ್ನೂ ಕಲಿಸುವ ಗುರು ನಮ್ಮ ಹರಿಗೋಲು. ಬಿದಿರಿನ ಸೀಳುಗಳನ್ನು ಹೆಣೆದು, ಹಿಂದೆ ತೊಗಲನ್ನೂ ಈಗ ಪ್ಲಾಸ್ಟಿಕ್ ಹಾಳೆಯನ್ನೋ ತಾಡಪಾಲನ್ನೋ ಹೊದಿಸಿ ಡಾಂಬರು ಬಳಿಯುವ ಈ ದುಂಡು ನೌಕೆಯನ್ನು, ಹದಿನಾರನೆಯ ಶತಮಾನದಲ್ಲಿ ವಿಜಯನಗರಕ್ಕೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸನು ಆನೆಗೊಂದಿಯ ಬಳಿ ಕಂಡು, ಹದಿನೈದಿಪ್ಪತ್ತು ಜನರನ್ನು ಹೊರುವ ಅದರ ಶಕ್ತಿಯನ್ನೂ ನೆಟ್ಟಗೆ ಸಾಗದೆ ಸುತ್ತುವ ಅದರ ಸ್ವಭಾವವನ್ನೂ ಬರೆದಿಟ್ಟಿದ್ದಾನೆ. ರಾಯಚೂರು ತಾಲ್ಲೂಕಿನ ಕುರ್ವಕಲಾ, ಕುರ್ವಕುರ್ದಾ ನಡುಗಡ್ಡೆಗಳ ಜನರಿಗೆ ಕೃಷ್ಣೆಯನ್ನು ದಾಟಿಸುತ್ತ ಬಂದುದೂ ಇದೇ. ಪಕ್ಕಕ್ಕೆ ಹುಟ್ಟು ಹಾಕಿದರೆ ಅದು ನಿಂತಲ್ಲೇ ತಿರುಗುತ್ತದೆ. ಆದುದರಿಂದ ಅಂಬಿಗನು ಹೋಗಬೇಕಾದ ದಿಕ್ಕಿನ ಅಂಚಿನಲ್ಲಿ ಕುಳಿತು, ಹುಟ್ಟನ್ನು ಮುಂದಕ್ಕೆ ಚಾಚಿ, ಎಂಟರ ಅಂಕೆಯಂತೆ ಆಡಿಸುತ್ತ ನೀರನ್ನು ತನ್ನೆಡೆಗೆ ಸೆಳೆಯುತ್ತಾನೆ. ಬಲಪ್ರಯೋಗದಿಂದ ಸಾಧ್ಯವಾಗದುದು ಲಯದಿಂದ ಸಾಧ್ಯವಾಗುವುದೆಂಬುದನ್ನು ಕಲಿಯುವವನ ಮೈಯೇ ಇಲ್ಲಿ ಅರಿತುಕೊಳ್ಳುತ್ತದೆ.

ಆದರೆ ನದಿ ಎಲ್ಲ ಕಾಲಕ್ಕೂ ಶಾಲೆಯಲ್ಲ. ನಾರಾಯಣಪುರದ ಅಣೆಕಟ್ಟಿನಿಂದಾಗಲಿ ತುಂಗಭದ್ರಾ ಜಲಾಶಯದಿಂದಾಗಲಿ ನೀರು ಬಿಟ್ಟಾಗ ಪ್ರವಾಹ ಏರುತ್ತದೆ. ಬೇಸಿಗೆಯಲ್ಲಿ ಬಂಡೆಗಳು ತಲೆಯೆತ್ತುತ್ತವೆ. ಕೃಷ್ಣೆಯಲ್ಲಿ ಮೊಸಳೆಗಳೂ ಇವೆ. ಈಜು ಬಲ್ಲವನೂ ಜೀವರಕ್ಷಕ ಜಾಕೆಟ್ ತೊಡದೆ ಇಳಿಯಬಾರದು. ಹರಿಗೋಲಿನಲ್ಲಿ ಎದ್ದು ನಿಲ್ಲಬಾರದು. ಹಲಗೆಯ ಆಟವನ್ನಂತೂ ಬಂಡೆಯಿಲ್ಲದ ಆಳವಾದ ನಿಶ್ಚಲಜಲದಲ್ಲಿ, ಅನುಮತಿಯಿರುವ ಸ್ಥಳದಲ್ಲಿ, ಚಾಲಕನಲ್ಲದೆ ಸವಾರನನ್ನೇ ನೋಡುತ್ತಿರುವ ಇನ್ನೊಬ್ಬನು ದೋಣಿಯಲ್ಲಿರುವಾಗ ಮಾತ್ರ ಆಡತಕ್ಕದ್ದು.

ಮೊದಲು ಈಜು, ಅನಂತರ ಹರಿಗೋಲು, ಆಮೇಲೆ ಹಲಗೆ: ಇದೇ ಯುಕ್ತಕ್ರಮ. ತಲೆಮಾರುಗಳಿಂದ ಜನರನ್ನು ದಡ ಸೇರಿಸಿದ ಅಂಬಿಗರನ್ನು ಸೇತುವೆಗಳು ಬಂದವೆಂದು ಮರೆಯದೆ, ಸಂಭಾವನೆಯಿತ್ತು ಆಚಾರ್ಯರನ್ನಾಗಿ ಬರಮಾಡಿಕೊಂಡರೆ, ಎಡೆದೊರೆಯ ಮಕ್ಕಳಿಗೆ ಜಲಕ್ರೀಡೆ ಪರರ ಸೊತ್ತಾಗಿ ಉಳಿಯಲಾರದು.