ಗಣಕಯಂತ್ರದಲ್ಲಿ ಘನರೂಪಗಳ ರಚನೆ

ನಕ್ಷೆಯೆಂದರೆ ಕಾಗದದ ಮೇಲಣ ಗೆರೆಯೆಂಬ ಕಾಲವು ಕಳೆಯಿತು. 1963ರಲ್ಲಿ ಅಮೆರಿಕದ ಐವಾನ್ ಸದರ್‌ಲ್ಯಾಂಡರು ಗಣಕದ ತೆರೆಯ ಮೇಲೆ ಬೆಳಕಿನ ಲೇಖನಿಯಿಂದ ಚಿತ್ರ ಬರೆಯುವ ಬಗೆಯನ್ನು ತೋರಿಸಿದರು. ಆ ವಿದ್ಯೆಯು ಬೆಳೆದು, ಇಂದು ‘ಫ್ರೀಕ್ಯಾಡ್’ ಎಂಬ ತಂತ್ರಾಂಶದ ಮೂಲಕ ಶುಲ್ಕವಿಲ್ಲದೆಯೇ ಮನೆಯಲ್ಲಿ ಕಲಿಯಲು ದೊರೆಯುತ್ತಿದೆ.

ರೇಡಿಯೋವಿನ ಒಡೆದ ಗುಂಡಿಯೊಂದನ್ನು ಹೊಸದಾಗಿ ರಚಿಸಬೇಕಾಗಿದೆಯೆನ್ನೋಣ. ಮೊದಲು 30 ಮಿಲಿಮೀಟರ್ ವ್ಯಾಸದ ವೃತ್ತವನ್ನು ಬರೆದು, ಅದರ ಅಳತೆಯನ್ನೂ ಸ್ಥಾನವನ್ನೂ ಸ್ಥಿರಪಡಿಸಬೇಕು. ‘ಪ್ಯಾಡ್’ ಎಂಬ ಸಾಧನವು ಅದನ್ನು 15 ಮಿಲಿಮೀಟರ್ ಎತ್ತರಿಸಿ ಘನವಾಗಿಸುವುದು. ‘ಪಾಕೆಟ್’ ಎಂಬುದು ದಂಡವು ಸೇರುವ ರಂಧ್ರವನ್ನು ಕೊರೆಯುವುದು. ‘ಫಿಲೆಟ್’ ಚೂಪಾದ ಅಂಚನ್ನು ದುಂಡಾಗಿಸುವುದು. ಅರ್ಧರೇಖೆಯೊಂದನ್ನು ಕುಂಬಾರನ ತಿಗರಿಯಂತೆ ಸುತ್ತಿಸಿ ಹೂಜಿಯ ಆಕಾರ ಕೊಡುವ ಸಾಧನವೂ ಉಂಟು.

ದಂಡವು 6 ಮಿಲಿಮೀಟರ್ ಇರುವಲ್ಲಿ ರಂಧ್ರವೂ ಅಷ್ಟೇ ಇದ್ದರೆ ಗುಂಡಿಯು ಸುಲಭವಾಗಿ ಕೂರದು. ಕೂದಲೆಳೆಯಷ್ಟು ಸಡಿಲ ಬೇಕು. ಅದಕ್ಕಾಗಿ ಎಲ್ಲವನ್ನೂ ಅಳಿಸಬೇಕಾಗಿಲ್ಲ. ರಂಧ್ರದ ಅಂಕೆಯೊಂದನ್ನು ತಿದ್ದಿದರೆ ಘನವು ತಾನೇ ಹೊಸ ರೂಪ ತಾಳುವುದು. ಆದರೆ ಮೊದಲ ವೃತ್ತದ ಅಳತೆಯನ್ನು ಸ್ಥಿರಪಡಿಸದೆ ಬಿಟ್ಟಲ್ಲಿ, ಅದರ ಮೇಲೆ ಕಟ್ಟಿದುದೆಲ್ಲವೂ ಕದಲುವ ಭಯವುಂಟು.

ಆದುದರಿಂದ ಮಕ್ಕಳಿಗೆ ಈ ವಿದ್ಯೆಯನ್ನು ಕಲಿಸುವ ತಾಯಿತಂದೆಗಳು ಗಣಕಕ್ಕಿಂತ ಮೊದಲು ಅಳತೆಪಟ್ಟಿಯನ್ನು ಅವರ ಕೈಗೆ ಕೊಡಲೆಂಬುದೇ ನಮ್ಮ ಬಿನ್ನಹ.